ಮುಖ ತೊಳೆದುಕೊಂಡು ಬನ್ನಿ

ನಮ್ಮ ಅತ್ತಿಗೆಯ ಬರಿಯ ಮುಖವನ್ನು ನಾನು ಮೊದಲ ಸಲ ನೋಡಿದ್ದು ಅವಳು ನಮ್ಮ ಮನೆಗೆ ಬಂದು ಇಪ್ಪತ್ತು ವರ್ಷವಾಗುತ್ತ ಬಂದಾಗ ಎಂದರೆ ಯಾರೂ ನಂಬುವುದಿಲ್ಲ. ಒಂದೇ ಮನೆ, ಒಂದೇ ಬಚ್ಚಲು. ಆದರೂ ಅವಳು ಎಲ್ಲರಿಗಿಂತ ಮೊದಲು ಎದ್ದು, ಮುಖಕ್ಕೆ ಹಚ್ಚುವುದನ್ನೆಲ್ಲ ಹಚ್ಚಿ, ಹುಬ್ಬು ತಿದ್ದಿಕೊಂಡು, ಆಮೇಲೆ ಅಡುಗೆಮನೆಯ ದೀಪ ಹಾಕುತ್ತಿದ್ದಳು. ನಾನು ಕಣ್ಣುಜ್ಜಿಕೊಳ್ಳುತ್ತ ಟೀಗೆ ಬಂದರೆ ಎದುರಿಗೆ ಮದುವೆಮನೆಗೆ ಹೊರಟವಳಂತೆ ನಿಂತಿರುತ್ತಿದ್ದಳು.

"ಯಾರಿಗೆ ತೋರಿಸೋಕೆ ಈ ಸಿಂಗಾರ? ನನಗಾ, ಸ್ಟವ್‌ಗಾ?" ಎಂದು ಕೆಣಕುತ್ತಿದ್ದೆ.

"ಬೆಳಗಾಗೆದ್ದು ನಿನ್ನ ಮೋರೆ ನೋಡೋ ಕರ್ಮ ನನಗಂತೂ ತಪ್ಪಿದ್ದಲ್ಲ. ನಿನಗಾದ್ರೂ ಒಳ್ಳೇದು ಕಾಣ್ಲಿ ಅಂತ" ಎನ್ನುತ್ತಿದ್ದಳು.

ಅವಳು ನನಗಿಂತ ಒಂದೇ ವರ್ಷ ದೊಡ್ಡವಳು. ‘ನೀವು, ತಾವು’ ಎಂದರೆ ಮುನಿಸಿಕೊಳ್ಳುತ್ತಿದ್ದಳು. ಅವಳು ಹೋದ ಮೇಲೂ ಆ ಮಾತು ಮೀರಲು ನನಗೆ ಇಷ್ಟವಿಲ್ಲ, ಏಕವಚನದಲ್ಲೇ ಬರೆಯುತ್ತೇನೆ.

ಸ್ಟೇಷನರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅವಳ ಬ್ಯೂಟಿ ಪಾರ್ಲರ್. ಎರಡು ಕುರ್ಚಿ, ಅದರಲ್ಲಿ ಒಂದರ ಸ್ಪಂಜು ಹೊರಬಂದಿತ್ತು, ಅದರ ಮೇಲೆ ಸದಾ ಒಂದು ಟವೆಲ್. ಗೋಡೆಯಗಲದ ಕನ್ನಡಿ. ಹೇರ್ ಡ್ರೈಯರ್ ಮತ್ತು ಫ್ಯಾನು ಒಟ್ಟಿಗೆ ಹಾಕಿದರೆ ಕರೆಂಟು ಹೋಗುತ್ತಿತ್ತು, ಕೆಳಗಿನ ಅಂಗಡಿಯವನು ಚಾವಣಿಗೆ ಕೋಲಿನಿಂದ ಕುಟ್ಟುತ್ತಿದ್ದ. ಬೀದಿಗೆಲ್ಲ ಅವಳು ‘ಪಾರ್ಲರ್ ಅಕ್ಕ’. ಮದುಮಗಳನ್ನು ಅಲಂಕರಿಸುವುದರಲ್ಲಿ ಅವಳದು ಎತ್ತಿದ ಕೈ. ವಾರವಿಡೀ ನಿದ್ದೆಗೆಟ್ಟು, ಅತ್ತು, ಹೆದರಿ, ಮುಖ ಬಾಡಿಸಿಕೊಂಡು ಬಂದ ಹುಡುಗಿಯನ್ನು ಕೂರಿಸಿಕೊಂಡರೆ ಎದ್ದೇಳುವಾಗ ಹೆತ್ತ ತಾಯಿಯೇ ಎರಡು ಸಲ ನೋಡಬೇಕು, ಹಾಗೆ ಮಾಡಿ ಕಳಿಸುತ್ತಿದ್ದಳು.

ಅಣ್ಣ ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಾನೆ. ಅವನಿಗೂ ಅತ್ತಿಗೆಗೂ ಒಬ್ಬಳೇ ಮಗಳು, ಚೂಟಿ. ನಾನು ಬಸ್ ಡಿಪೋದಲ್ಲಿ ಪಾಸ್ ಕೊಡುವ ಕಿಟಕಿಯ ಹಿಂದೆ ಕೂರುತ್ತೇನೆ. ನನ್ನ ಮದುವೆ ಮುರಿದು ಪೆಟ್ಟಿಗೆ ಹಿಡಿದು ತವರಿಗೆ ಬಂದ ದಿನ ಅಣ್ಣ ಪ್ರಶ್ನೆಗಳನ್ನು ಶುರುಮಾಡಿದ. ಅತ್ತಿಗೆ ಅವನನ್ನು ಹಾಲು ತರಲು ಅಟ್ಟಿ, ನನ್ನನ್ನು ಪಾರ್ಲರಿಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ತಲೆ ತೊಳೆದಳು. "ಅಳೋದು ಮುಗಿಸು, ಆಮೇಲೆ ಕೂದಲು ಕತ್ತರಿಸ್ತೀನಿ. ಅಳ್ತಿದ್ರೆ ಕತ್ತರಿ ಸೊಟ್ಟ ಹೋಗುತ್ತೆ" ಎಂದಳು. ಅಷ್ಟೇ. ಯಾಕೆ, ಏನು, ಯಾರದು ತಪ್ಪು ಎಂದು ಒಂದು ದಿನವೂ ಕೇಳಲಿಲ್ಲ. ನನ್ನ ಪಾಲಿಗೆ ತವರೆಂದರೆ ಅವಳೇ ಆಗಿದ್ದಳು.

ಕಾಯಿಲೆ ಶುರುವಾದದ್ದು ಸುಸ್ತಿನಿಂದ. ಪಾರ್ಲರಿನ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದಳು. ಆಮೇಲೆ ಹೊಟ್ಟೆಯ ಬಲಗಡೆ ಹಿಂಡುವ ನೋವು, ಬಂದು ಬಂದು ಹೋಗುವಂಥದ್ದು. ತಟ್ಟೆಯ ಮುಂದೆ ಕೂತು ಅನ್ನ ಕೆದಕಿ ಎದ್ದುಬಿಡುತ್ತಿದ್ದಳು.

ನಮ್ಮ ಬೀದಿಯ ಮೂಲೆಯ ಡಾಕ್ಟರ್ ಅವಳು ಸ್ಟೂಲಿನ ಮೇಲೆ ಸರಿಯಾಗಿ ಕೂರುವ ಮೊದಲೇ ‘ಗ್ಯಾಸ್’ ಎಂದುಬಿಟ್ಟರು. ಅವರ ಪ್ರಕಾರ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗ್ಯಾಸ್, ಕಾಲು ಉಳುಕಿಸಿಕೊಂಡವರಿಗೂ. ಬಿಳಿ ಮಾತ್ರೆ ಕೊಟ್ಟರು, ಕೇಳಲಿಲ್ಲ. ಹಸಿರು ಮಾತ್ರೆ ಕೊಟ್ಟರು, ಅದೂ ಕೇಳಲಿಲ್ಲ. ಕೊನೆಗೆ ಊಟದ ನಂತರ ಹತ್ತು ನಿಮಿಷ ನಡೆಯಿರಿ ಎಂದರು. ಇಡೀ ದಿನ ನಿಂತೇ ದುಡಿಯುವವಳಿಗೆ!

ಅಲ್ಲಿಂದ ದೊಡ್ಡ ಆಸ್ಪತ್ರೆಯ ಹೊಟ್ಟೆ ಡಾಕ್ಟರ್. ನಾವಿಬ್ಬರೂ ಒಳಗೆ ಹೋದಾಗ ಅವರು ತಲೆಯೆತ್ತಿ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, "ಹೇಳಮ್ಮ, ಎಷ್ಟು ದಿನದಿಂದ ನೋವು?" ಎಂದರು. ಅತ್ತಿಗೆ ಕೊನೆವರೆಗೂ ಇದನ್ನು ಹೇಳಿಕೊಂಡು ನಗುತ್ತಿದ್ದಳು. ಪೇಷಂಟ್ ನಾನಲ್ಲ ಎಂದು ಗೊತ್ತಾದ ಮೇಲೆ ಅವರು, "ನೋಡಿದ್ರೆ ಕಾಯಿಲೆಯವರ ಹಾಗೆ ಇಲ್ವೇ ಇಲ್ಲ!" ಎಂದು ಹೊಗಳಿದರು. ಬಾಯಿಂದ ಕ್ಯಾಮೆರಾ ಇಳಿಸಿ ನೋಡಿದರು. ಹೊಟ್ಟೆಯೊಳಗೆ ಸ್ವಲ್ಪ ಊತವಂತೆ, ಖಾರ ಬಿಡಬೇಕಂತೆ.

ಆಮೇಲೆ ಹೆಂಗಸರ ಡಾಕ್ಟರ್. ರಕ್ತ ಕಡಿಮೆ ಇದೆ ಎಂದು ಮೊದಲು ಹೇಳಿದವರು ಅವರೇ. ಆದರೆ ಯಾಕೆ ಕಡಿಮೆ ಎಂದು ಅವರೂ ಹುಡುಕಲಿಲ್ಲ. "ಈ ವಯಸ್ಸಲ್ಲಿ ಹೆಂಗಸರಿಗೆ ಇದೆಲ್ಲ ಮಾಮೂಲಿ. ನನಗೂ ಕಮ್ಮಿನೇ ಇದೆ" ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟು ಬೆನ್ನು ತಟ್ಟಿ ಕಳಿಸಿದರು.

ಈ ಎಲ್ಲ ಕಡೆಗೂ ಅತ್ತಿಗೆ ಹೋದದ್ದು ಪೂರ್ತಿ ಅಲಂಕಾರದಲ್ಲಿ. ಫೌಂಡೇಶನ್, ಕೆನ್ನೆಗೆ ಕೆಂಪು, ಲಿಪ್‌ಸ್ಟಿಕ್, ಉಗುರಿಗೆ ಬಣ್ಣ. "ಹೋಗ್ತಿರೋದು ಡಾಕ್ಟರ್ ಹತ್ರ, ಸಿನಿಮಾಕ್ಕಲ್ಲ" ಎಂದು ನಾನು ರೇಗಿದರೆ, "ಹಲ್ಲಿಲ್ಲದ ಹಲ್ಲಿನ ಡಾಕ್ಟರ್ ಹತ್ರ ನೀನು ಹೋಗ್ತೀಯಾ? ಪಾರ್ಲರ್ ಅಕ್ಕನ ಮುಖವೇ ಸುಟ್ಟ ಬದನೆಕಾಯಿ ಥರ ಇದ್ರೆ ಪಾರ್ಲರಿಗೆ ಯಾರು ಬರ್ತಾರೆ?" ಎನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ಕಾದು ಕೂತ ಹೆಂಗಸರಿಗೆಲ್ಲ ತನ್ನ ಕಾರ್ಡು ಹಂಚುತ್ತಿದ್ದಳು. ದೊಡ್ಡ ಆಸ್ಪತ್ರೆಯ ರಿಸೆಪ್ಷನ್ ಹುಡುಗಿ ಹುಬ್ಬು ಮಾಡಿಸಿಕೊಳ್ಳಲು ನಮ್ಮ ಪಾರ್ಲರಿಗೇ ಬರತೊಡಗಿದಳು. ಒಳಗೊಳಗೆ ರಕ್ತ ಬಸಿದು ಹೋದಂತೆಲ್ಲ ಅವಳು ಮೇಲೆ ಒಂದೊಂದು ಪದರ ಹೆಚ್ಚು ಹಚ್ಚುತ್ತಿದ್ದಳು. ಬಾಡಿದ ಮುಖವನ್ನು ಅರಳಿಸುವುದು ಅವಳ ಕೈಗೆ ಬಂದ ಕೆಲಸ. ಅದನ್ನು ತನ್ನ ಮೇಲೇ ಮಾಡಿಕೊಂಡಳು, ಯಾರಿಗೂ ತಿಳಿಯದಷ್ಟು ಚೆನ್ನಾಗಿ.

ಹಾಗೆಂದು ಆ ಡಾಕ್ಟರುಗಳನ್ನು ನಾನು ಬಿಟ್ಟುಕೊಡುವುದಿಲ್ಲ. ಬಣ್ಣವಿದ್ದದ್ದು ಮುಖಕ್ಕೆ, ಹೊಟ್ಟೆಗಲ್ಲ. ಮಂಚದ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಲು ಅವರಿಗೇನಾಗಿತ್ತು?

ನಾಲ್ಕನೆಯವರು ಮನಸ್ಸಿನ ಡಾಕ್ಟರ್. ಒಳ್ಳೆಯ ಮನುಷ್ಯ, ಅರ್ಧ ಗಂಟೆ ಕೂತು ಕೇಳಿಸಿಕೊಂಡರು. ಆದರೆ ಅವರ ಹತ್ತಿರ ಹೋಗುವ ಹೊತ್ತಿಗೆ ಉಳಿದವರೆಲ್ಲ ‘ಏನಿಲ್ಲ’ ಎಂದು ಷರಾ ಬರೆದಾಗಿತ್ತು. ಏನಿಲ್ಲದಿದ್ದರೂ ನೋಯುತ್ತದೆ ಎಂದರೆ ಅದು ಮನಸ್ಸಿನದೇ ಇರಬೇಕು ಎಂದು ಅವರೂ ತೀರ್ಮಾನಿಸಿದರು. ಅವರು ಕೊಟ್ಟ ಮಾತ್ರೆಯಿಂದ ಹಗಲು ಹೊತ್ತಲ್ಲೂ ತೂಕಡಿಸುತ್ತ, ಒಂದು ಹುಡುಗಿಯ ಹುಬ್ಬನ್ನು ಅರ್ಧಕ್ಕರ್ಧ ಕಿತ್ತುಬಿಟ್ಟಳು. ಆ ಹುಡುಗಿ ಕೂಗಾಡಿ ಹೋದ ಮೇಲೆ ಕುರ್ಚಿಯಲ್ಲಿ ಕುಸಿದು ಕೂತಳು.

"ನಾನು ನಾಟಕ ಮಾಡ್ತಿದ್ದೀನಾ ಕಣೇ?" ಎಂದು ನನ್ನನ್ನು ಕೇಳಿದಳು. "ಇಷ್ಟು ಜನ ಓದಿದೋರು ಏನಿಲ್ಲ ಅಂತಾರೆ. ನಿಮ್ಮಣ್ಣನೂ ಅದನ್ನೇ ಅಂತಾರೆ. ನನಗೇ ನನ್ನ ಮೇಲೆ ಅನುಮಾನ ಬರ್ತಿದೆ. ಆದ್ರೆ ನೋಯುತ್ತಲ್ಲೇ... ನಿಜವಾಗ್ಲೂ ನೋಯುತ್ತೆ."

ಅಣ್ಣ ಕೆಟ್ಟವನಲ್ಲ. ಹೆದರಿದ್ದ. ಹೆದರಿದವನಿಗೆ ‘ಏನಿಲ್ಲ’ ಎಂಬ ಮಾತು ಸಿಕ್ಕರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. "ಏನೂ ಇಲ್ಲ ಅಂದ್ರೆ ಖುಷಿ ಪಡೋದು ಬಿಟ್ಟು ಅಳ್ತೀಯಲ್ಲ ಮಾರಾಯ್ತಿ" ಎನ್ನುತ್ತಿದ್ದ. ಅವಳು ಅವನ ಮುಂದೆ ಹೊಟ್ಟೆಯ ಮಾತೆತ್ತುವುದನ್ನೇ ಬಿಟ್ಟಳು.

ಒಂದು ದಿನ ಕೆಳಗಿನ ಅಂಗಡಿಯವನು ನನಗೆ ಫೋನ್ ಮಾಡಿದ. ಮದುಮಗಳೊಬ್ಬಳಿಗೆ ಅಲಂಕಾರ ಮಾಡುತ್ತಿದ್ದಾಗಲೇ ಅತ್ತಿಗೆ ನೆಲಕ್ಕೆ ಬಿದ್ದಿದ್ದಳು. ನಾನು ಕಿಟಕಿ ಮುಚ್ಚಿ ಓಡಿದೆ. ಒಂದೇ ಕಣ್ಣಿಗೆ ಬಣ್ಣ ಬಿದ್ದಿದ್ದ ಮದುಮಗಳು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಚಿಮುಕಿಸುತ್ತಿದ್ದಳು. ಅತ್ತಿಗೆಯ ಬಣ್ಣ ಮಾತ್ರ ನೀರಿಗೂ ಜಗ್ಗಿರಲಿಲ್ಲ. ಆಟೋದವನು ಎಲ್ಲಿಗೆ ಎಂದ. ಹತ್ತಿರದಲ್ಲಿದ್ದದ್ದು ನಮ್ಮ ಡಿಪೋದ ಕ್ಲಿನಿಕ್ ಒಂದೇ.

ಹಳೆ ಟೈರುಗಳನ್ನು ಗುಡ್ಡೆ ಹಾಕುವ ಶೆಡ್ಡಿನ ಪಕ್ಕದಲ್ಲಿದೆ ಅದು. ಅಲ್ಲಿಯ ಡಾಕ್ಟರಮ್ಮನಿಗೆ ಡ್ರೈವರುಗಳು, ಕಂಡಕ್ಟರುಗಳು ಸೇರಿ ಇಟ್ಟ ಹೆಸರು ‘ಗಂಟುಮೋರೆ’. ಅರವತ್ತು ದಾಟಿದ ಹೆಂಗಸು, ನಕ್ಕಿದ್ದನ್ನು ಯಾರೂ ನೋಡಿಲ್ಲ. ಆಕೆಯ ಮೇಲೆ ನಮ್ಮವರ ಸಿಟ್ಟಿಗೆ ಕಾರಣ ಒಂದೇ: ಸುಳ್ಳು ಕಾಯಿಲೆಗೆ ರಜೆ ಚೀಟಿ ಬರೆದುಕೊಡುತ್ತಿರಲಿಲ್ಲ. ಸೊಂಟ ಹಿಡಿದು ನರಳುತ್ತ ಹೋದವನನ್ನು ಮಲಗಿಸಿ, ಕಾಲೆತ್ತಿಸಿ, ಬಗ್ಗಿಸಿ, ಎಲ್ಲ ಕಡೆ ಒತ್ತಿ ನೋಡಿ, "ನಿಮಗೇನೂ ಆಗಿಲ್ಲ, ಬಸ್ ಹತ್ತಿ" ಎಂದು ವಾಪಸು ಕಳಿಸುತ್ತಿದ್ದರು. ರಜೆಗೆ ಅಡ್ಡ ನಿಂತ ಗೋಡೆ ಎಂದು ಬಿಟ್ಟರೆ, ಆಕೆ ಕಾಯಿಲೆ ನೋಡುವ ಡಾಕ್ಟರ್ ಎಂದು ನಮ್ಮ ಡಿಪೋದಲ್ಲಿ ಯಾರೂ ಎಣಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಅತ್ತಿಗೆಗೆ ಎಚ್ಚರವಾಗಿತ್ತು. ಡಾಕ್ಟರಮ್ಮ ಅವಳನ್ನು ಒಂದು ಗಳಿಗೆ ನೋಡಿದರು.

"ಎದ್ದು ನಿಲ್ಲೋಕಾಗುತ್ತಾ? ಅಲ್ಲಿ ಸಿಂಕ್ ಇದೆ, ಸೋಪಿದೆ. ಮುಖ ತೊಳ್ಕೊಂಡು ಬನ್ನಿ."

"ಹೊಟ್ಟೆನೋವು ಡಾಕ್ಟ್ರೇ, ಮುಖಕ್ಕೇನಾಗಿಲ್ಲ" ಎಂದಳು ಅತ್ತಿಗೆ. ಅವಮಾನವಾಗಿತ್ತು ಅವಳಿಗೆ.

"ನಾನು ನೋಡ್ಬೇಕಾಗಿರೋದು ನಿಮ್ಮನ್ನ. ನೀವು ಬರೆದಿರೋ ಚಿತ್ರವನ್ನಲ್ಲ. ತೊಳ್ಕೊಳ್ಳಿ. ನೇಲ್ ಪಾಲಿಶೂ ತೆಗೀಬೇಕು."

ಅತ್ತಿಗೆ ನನ್ನನ್ನು ನೋಡಿದಳು. ನಾನು ಅವಳನ್ನು ಹಿಡಿದು ಸಿಂಕಿನ ಹತ್ತಿರ ಕರೆದೊಯ್ದೆ. ಮೂರು ಸಲ ಸೋಪು ಹಾಕಿ ಉಜ್ಜಬೇಕಾಯಿತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

ದೇವರೇ! ಸುಣ್ಣದ ಗೋಡೆಯ ಹಾಗಿತ್ತು ಮುಖ. ತುಟಿಗೂ ಕೆನ್ನೆಗೂ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಕಣ್ಣು ಒಳಗೆ ಹೋಗಿ ಸುತ್ತ ಬೂದಿ ಬಡಿದಂತಿತ್ತು. ದಿನವೂ ಎದುರು ಕೂತು ಟೀ ಕುಡಿದ ಹೆಂಗಸು ಇವಳೇನಾ ಎಂದು ನೋಡುತ್ತ ನಿಂತುಬಿಟ್ಟೆ. "ಹಾಗೆ ನೋಡ್ಬೇಡ್ವೇ" ಎಂದು ಅವಳು ಕೈಯಿಂದ ಮುಖ ಮುಚ್ಚಿಕೊಂಡಳು.

ಡಾಕ್ಟರಮ್ಮ ಕೆಳರೆಪ್ಪೆ ಎಳೆದು ನೋಡಿದರು. ಉಗುರು ಒತ್ತಿ ನೋಡಿದರು. ಮಲಗಿಸಿ, ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, "ಎಲ್ಲಿ ನೋಯುತ್ತೆ ಅಂತ ನೀವೇ ತೋರಿಸಿ" ಎಂದರು. ಅತ್ತಿಗೆ ತೋರಿಸಿದ ಜಾಗವನ್ನು ಬಿಟ್ಟು ಸುತ್ತಲೂ ಮೆಲ್ಲಗೆ ಒತ್ತುತ್ತ ಬಂದು, ಕೊನೆಗೆ ಅಲ್ಲಿ ಬೆರಳಿಟ್ಟು ನಿಂತರು. ಬಹಳ ಹೊತ್ತು ನಿಂತರು. ಹೊರಗೆ ಯಾವುದೋ ಬಸ್ಸಿನ ಎಂಜಿನ್ ಸ್ಟಾರ್ಟ್ ಆಗಲಾರದೆ ಕೆಮ್ಮುತ್ತಿತ್ತು.

"ಇಲ್ಲೊಂದು ಗಂಟಿನ ಥರ ಸಿಗ್ತಿದೆ. ಏನು ಅಂತ ನನಗೆ ಗೊತ್ತಿಲ್ಲ. ಗ್ಯಾಸ್ ಅಲ್ಲ, ಮನಸ್ಸಿಂದೂ ಅಲ್ಲ. ಕೆಳಗಿನಿಂದ ಕ್ಯಾಮೆರಾ ಬಿಟ್ಟು ದೊಡ್ಡ ಕರುಳು ನೋಡ್ಬೇಕು, ಸ್ಕ್ಯಾನ್ ಆಗ್ಬೇಕು. ತಡ ಮಾಡೋ ಹಾಗಿಲ್ಲ. ಎಲ್ಲಿ ಮಾಡಿಸ್ಬೇಕು ಅಂತ ನಾನೇ ಮಾತಾಡ್ತೀನಿ."

ಇದನ್ನು ಕೇಳಿ ನಾನು ಹೆದರಿಹೋದೆ. ಅತ್ತಿಗೆ ಏನು ಮಾಡಿದಳು ಗೊತ್ತೇ? ಡಿಪೋದ ಗೇಟು ದಾಟಿದ್ದೇ ನನ್ನ ತೋಳು ಹಿಡಿದು ನಕ್ಕಳು. ಬರಿಯ ಮುಖದಲ್ಲಿ, ನಡುಬೀದಿಯಲ್ಲಿ, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. "ನನಗೆ ಏನೋ ಇದೆ ಕಣೇ! ನಿಜವಾಗ್ಲೂ ಏನೋ ಇದೆ! ನಾನು ಸುಳ್ಳು ಹೇಳ್ತಿರ್ಲಿಲ್ಲ!" ಅವಳು ಅಷ್ಟು ಹಗುರವಾಗಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

ಕರುಳಿನ ಕ್ಯಾನ್ಸರ್. ಲಿವರಿಗೆ ಹಬ್ಬಿತ್ತು.

ಅಣ್ಣ ರಿಪೋರ್ಟು ಹಿಡಿದು ನೇರ ಗಂಟುಮೋರೆ ಡಾಕ್ಟರ ಹತ್ತಿರ ಓಡಿದ, ಹಿಂದೆ ನಾನು. ಅಷ್ಟು ದೊಡ್ಡ ಗಂಡಸು ಮೇಜಿನ ಅಂಚು ಹಿಡಿದು ಮಗುವಿನಂತೆ ಅತ್ತ. "ಅವಳಿಗೆ ಹೇಳ್ಬೇಡಿ ಮೇಡಂ. ಹುಣ್ಣು ಅಂತ ಹೇಳಿ. ಗೊತ್ತಾದ್ರೆ ಅದೇ ಕೊರಗಲ್ಲಿ ಹೋಗ್ಬಿಡ್ತಾಳೆ."

"ನಾನಾಗಿ ಹೇಳಲ್ಲ. ಅವರು ಕೇಳಿದ್ರೆ ಸುಳ್ಳು ಹೇಳಲ್ಲ" ಎಂದರು ಡಾಕ್ಟರಮ್ಮ.

ಅತ್ತಿಗೆ ಕೇಳಿದಳು. ಕೇಳದೆ ಬಿಡುವ ಹೆಂಗಸೇ? ಆಪರೇಷನ್ ಆಗಿ, ಔಷಧಿ ಏರಿಸುವುದು ಶುರುವಾಗಿ, ಕೂದಲು ಉದುರುತ್ತಿದ್ದಾಗ ಒಂದು ಮಧ್ಯಾಹ್ನ ಅದೇ ಟೈರು ಶೆಡ್ಡಿನ ಪಕ್ಕದ ಕೋಣೆಯಲ್ಲಿ ಕೂತು ಕೇಳಿದಳು. ವಾಸಿಯಾಗುತ್ತಾ ಎಂದಳು. ಆಗಲ್ಲ ಎಂದರು. ಸ್ವಲ್ಪ ದಿನ ತಳ್ಳಬಹುದು, ನೋವು ಕಡಿಮೆ ಮಾಡಬಹುದು, ಅದನ್ನು ಖಂಡಿತ ಮಾಡುತ್ತೇನೆ ಎಂದರು. ಅತ್ತಿಗೆ ತಲೆಯಾಡಿಸಿದಳು.

"ಮೊದಲು ಹೋದೆನಲ್ಲ, ಎರಡು ವರ್ಷದ ಹಿಂದೆ... ಆಗ್ಲೇ ಗೊತ್ತಾಗಿದ್ರೆ ಉಳೀತಿದ್ನಾ ಡಾಕ್ಟ್ರೇ?"

ನಾನು ಹಿಂದಿನಿಂದ ಡಾಕ್ಟರಿಗೆ ಕೈ ಮುಗಿದೆ. ಬೇಡಿ, ಹೇಳಬೇಡಿ ಎಂದು ತಲೆ ಅಲ್ಲಾಡಿಸಿದೆ. ಆಕೆ ನನ್ನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು.

"ಬಹುಶಃ ಉಳೀತಿದ್ರಿ" ಎಂದರು.

"ನಾನು ಬಣ್ಣ ಹಚ್ಕೊಂಡು ಹೋಗಿದ್ದಕ್ಕೆ ಹೀಗಾಯ್ತಾ?"

"ಸ್ವಲ್ಪ ಕಷ್ಟ ಆಗಿರ್ಬಹುದು, ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ರಕ್ತ ಕಮ್ಮಿ ಅಂತ ಕಾಗದದಲ್ಲೇ ಇತ್ತು. ಹೊಟ್ಟೆ ಮುಟ್ಟಿ ನೋಡ್ಬೇಕಾಗಿದ್ದು ಅವರ ಕೆಲಸ. ಅದು ನಿಮ್ಮ ತಪ್ಪಲ್ಲ."

ಅವತ್ತು ಅತ್ತಿಗೆ ಅತ್ತ ಅಳುವನ್ನು ಬರೆಯಲು ನನ್ನಿಂದಾಗದು. ಡಾಕ್ಟರಮ್ಮ ಎದ್ದು ಬಾಗಿಲು ಹಾಕಿಕೊಂಡು ಬಂದು ಅವಳ ಪಕ್ಕದಲ್ಲೇ ಕೂತರು. ಹೊರಗೆ ಕಾದಿದ್ದ ಡ್ರೈವರುಗಳು ಬಾಗಿಲು ಬಡಿದರೂ ತೆಗೆಯಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ದಾರಿಯಲ್ಲಿ, "ಆ ಮಾತು ಹೇಳಲೇಬೇಕಿತ್ತಾ ಆಯಮ್ಮ? ಹೃದಯ ಅನ್ನೋದು ಇದೆಯಾ?" ಎಂದು ಹಾರಾಡಿದೆ.

"ಬೈಬೇಡ ಕಣೇ" ಎಂದಳು ಅತ್ತಿಗೆ. ದನಿ ಬಿದ್ದುಹೋಗಿತ್ತು. "ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟೋರು ಅವರೊಬ್ಬರೇ."

ಆ ಉರಿಯನ್ನು ನಾನು ಮಾರನೆಯ ದಿನ ಮೂಲೆಯ ಡಾಕ್ಟರ ಮೇಲೆ ಕಾರಿಕೊಂಡೆ. ಕ್ಲಿನಿಕ್ಕಿಗೆ ನುಗ್ಗಿ, ಕಾದು ಕೂತವರೆಲ್ಲರ ಮುಂದೆ ಬಾಯಿಗೆ ಬಂದಂತೆ ಬೈದೆ. ಅವರು ಕನ್ನಡಕ ಒರೆಸಿಕೊಂಡು, "ಆಗ ಹಾಗೇ ಕಾಣ್ತಿತ್ತಮ್ಮ" ಎಂದರು. ನಾನು ಮೆಟ್ಟಿಲಿಳಿಯುವಾಗ ಮುಂದಿನ ಪೇಷಂಟಿಗೆ ಗ್ಯಾಸ್ ಎನ್ನುತ್ತಿದ್ದದ್ದು ಕಿವಿಗೆ ಬಿತ್ತು.

ಕೊನೆಕೊನೆಗೆ ಅತ್ತಿಗೆ ಕಡ್ಡಿಯಾದಳು. ಔಷಧಿ ಏರಿಸುವುದನ್ನು ನಿಲ್ಲಿಸಿದರು. ಡಾಕ್ಟರಮ್ಮನೇ ಡಿಪೋ ಕೆಲಸ ಮುಗಿಸಿ ಮನೆಗೆ ಬಂದು ನೋವಿಗೆ ಔಷಧಿ ಕೊಟ್ಟು ಹೋಗುತ್ತಿದ್ದರು. ಹಾಗಿದ್ದರೂ ಒಂದು ದಿನ, "ನನ್ನನ್ನ ಕ್ಲಿನಿಕ್ಕಿಗೆ ಕರ್ಕೊಂಡು ಹೋಗ್ರೀ, ಚೂಟಿನೂ ಬರ್ಲಿ" ಎಂದು ಅಣ್ಣನಿಗೆ ಹಟ ಹಿಡಿದಳು. ಚೂಟಿಗೆ ಆಗ ಹದಿನೇಳು. ಅಣ್ಣ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು, ವ್ಯಾನಿನ ಹಿಂದಿನ ಸೀಟಿನಲ್ಲಿ ದಿಂಬು ಹಾಕಿ ಅವಳನ್ನು ಮಲಗಿಸಿಕೊಂಡು ಹೊರಟ. ಡಿಪೋದಲ್ಲಿ ಅವಳನ್ನು ಎತ್ತಿಕೊಂಡೇ ಒಳಗೆ ಹೋದ.

ಡಾಕ್ಟರಮ್ಮ ಗಾಬರಿಯಾಗಿ ಎದ್ದರು. "ಯಾಕೆ ಕರ್ಕೊಂಡು ಬಂದ್ರಿ? ನಾನೇ ಬರ್ತಿದ್ನಲ್ಲ. ನೋವು ಜಾಸ್ತಿ ಆಯ್ತಾ?"

"ನನಗಲ್ಲ" ಎಂದಳು ಅತ್ತಿಗೆ. "ಇವಳನ್ನ ನೋಡಿ."

"ಏನಾಗಿದೆ ಇವಳಿಗೆ?"

"ಏನೂ ಆಗಿಲ್ಲ. ಏನೂ ಆಗದೇ ಇರುವಾಗ್ಲೇ ನೀವು ನೋಡ್ಲಿ ಅಂತ ಕರ್ಕೊಂಡು ಬಂದೆ. ನನ್ನ ಹೊಟ್ಟೇಲಿ ಹುಟ್ಟಿದೋಳು. ನಾನಿರುವಾಗ್ಲೇ ನಿಮ್ಮ ಬಾಯಿಂದ ಒಂದು ಮಾತು ಕೇಳ್ಬೇಕು."

ಚೂಟಿ, "ಅಮ್ಮ, ನನಗೇನಾಗಿದೆ, ಸುಮ್ನಿರಮ್ಮ" ಎಂದು ಅಳತೊಡಗಿದಳು. ನಾನು ಅವಳನ್ನು ಹಿಡಿದುಕೊಂಡೆ. ಡಾಕ್ಟರಮ್ಮ ಕೈ ತೊಳೆದುಕೊಂಡು ಬಂದರು. ಹುಡುಗಿಯ ಕಣ್ಣು ನೋಡಿದರು, ನಾಲಿಗೆ ನೋಡಿದರು, ಉಗುರು ನೋಡಿದರು. ಮಲಗಿಸಿ ಹೊಟ್ಟೆಯನ್ನು ಅಂಗುಲ ಅಂಗುಲವಾಗಿ ಮುಟ್ಟಿದರು. ಬಿದ್ದು ಆಟೋದಲ್ಲಿ ಬಂದ ದಿನ ಅತ್ತಿಗೆಯನ್ನು ಎಷ್ಟು ನಿಧಾನವಾಗಿ ನೋಡಿದ್ದರೋ, ಅದಕ್ಕಿಂತ ನಿಧಾನವಾಗಿ ನೋಡಿದರು. ಅತ್ತಿಗೆ ಅಣ್ಣನ ಭುಜಕ್ಕೆ ಒರಗಿ ಆ ಕೈಗಳನ್ನೇ ನೋಡುತ್ತಿದ್ದಳು. ರಕ್ತ ತೆಗೆದು ಎದುರಿನ ಲ್ಯಾಬಿಗೆ ಕಳಿಸಿದರು. ಅದು ಬರುವವರೆಗೆ ನಾವೆಲ್ಲ ಅಲ್ಲೇ ಕೂತಿದ್ದೆವು.

"ಚೆನ್ನಾಗಿದ್ದಾಳೆ" ಎಂದರು ಡಾಕ್ಟರಮ್ಮ.

"ನಿಜವಾಗ್ಲೂ?"

"ಇವತ್ತಿಗೆ ನಿಜವಾಗ್ಲೂ ಚೆನ್ನಾಗಿದ್ದಾಳೆ. ಮುಂದಿನದು ನನಗೆ ಗೊತ್ತಿಲ್ಲ. ಮೂವತ್ತು ದಾಟಿದ ಮೇಲೆ ಕರುಳಿನ ಪರೀಕ್ಷೆ ಮಾಡಿಸ್ತಾ ಇರ್ಬೇಕು, ಏನೂ ತೊಂದರೆ ಇಲ್ದೇ ಇದ್ರೂ. ಆಗ ನಾನಿರ್ತೀನೋ ಇಲ್ವೋ, ಇವಳ ಅತ್ತೆಗೆ ಹೇಳಿಟ್ಟಿರ್ತೀನಿ."

ಬೇರೆ ಯಾರಾದರೂ ‘ಏನಿಲ್ಲ, ಚೆನ್ನಾಗಿದ್ದಾಳೆ’ ಎಂದಿದ್ದರೆ ಅತ್ತಿಗೆ ನಂಬುತ್ತಿರಲಿಲ್ಲ. ಆ ಮಾತು ಅವಳಿಗೆ ಎಷ್ಟು ಸಲ, ಎಷ್ಟು ಜನರಿಂದ ಸಿಕ್ಕಿರಲಿಲ್ಲ! ಆದರೆ ಇವರು ‘ನೀವು ಸಾಯುತ್ತೀರಿ’ ಎಂದು ಅವಳ ಮುಖಕ್ಕೇ ಹೇಳಿದವರು. ಅತ್ತಿಗೆ ಡಾಕ್ಟರಮ್ಮನ ಎರಡೂ ಕೈಗಳನ್ನು ಹಿಡಿದು ತನ್ನ ಕೆನ್ನೆಗಳಿಗೆ ಒತ್ತಿಕೊಂಡಳು. ಗಂಟುಮೋರೆಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ವಾಪಸು ಬರುವಾಗ ಅತ್ತಿಗೆ ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅಣ್ಣ ವ್ಯಾನನ್ನು ಗುಂಡಿ ತಪ್ಪಿಸಿ ತಪ್ಪಿಸಿ ಓಡಿಸುತ್ತಿದ್ದ. ಮನೆ ಬಂದಾಗ ಎಬ್ಬಿಸಲು ಹೋದೆ. ಚೂಟಿ ನನ್ನ ಕೈ ತಡೆದು, "ಬೇಡ ಅತ್ತೆ, ಎಷ್ಟೋ ದಿನ ಆದ್ಮೇಲೆ ನಿದ್ದೆ ಮಾಡ್ತಿದ್ದಾಳೆ" ಎಂದಳು. ನಾವು ವ್ಯಾನಿನಲ್ಲೇ ಕೂತೆವು.